ಕಡೇ ವಂಡಿಯ ಕರುಪ್ಪಯ್ಯ

ಕೊಂಬೈಯಲ್ಲಿ ಬೆಳಕು ಮೊದಲು ಬೀದಿಗೆ ಬರುವುದಿಲ್ಲ. ಪಡುವಣದ ಘಟ್ಟದ ನೆತ್ತಿ ಮೊದಲು ಕೆಂಪಾಗುತ್ತದೆ. ಅಲ್ಲಿಂದ ಅವಸರವಿಲ್ಲದೆ ಇಳಿದು, ತೆಂಗಿನ ಗರಿಗಳನ್ನು ಮುಟ್ಟಿ, ದ್ರಾಕ್ಷಿ ಚಪ್ಪರಗಳ ಮೇಲೆ ಹಾದು, ಬಿಸಿಲು ಊರೊಳಗೆ ಕಾಲಿಡುವ ಹೊತ್ತಿಗೆ ಕರುಪ್ಪಯ್ಯನವರ ಅರ್ಧ ಕೆಲಸ ಮುಗಿದಿರುತ್ತದೆ. ದೇವಾರಂ ದಾರಿಯ ಪಕ್ಕದ ತಗಡಿನ ಶೆಡ್ಡಿನ ಮುಂದೆ ಕುಕ್ಕರಗಾಲಲ್ಲಿ ಕೂತು, ತಮ್ಮ ಹಳೆಯ ನೂರು ಸಿಸಿ ಬೈಕಿನ ಚೈನಿಗೆ ಅವರು ತೊಟ್ಟು ತೊಟ್ಟಾಗಿ ಎಣ್ಣೆ ಬಿಡುತ್ತಿದ್ದಾರೆ. ಒಂದು ಕೈ ಚಕ್ರ ತಿರುಗಿಸುತ್ತದೆ, ಇನ್ನೊಂದು ಎಣ್ಣೆ ಬಿಡುತ್ತದೆ. ಭಾನುವಾರವಾದರೂ ಏಲಕ್ಕಿ ತೋಟಕ್ಕೆ ಕೂಲಿ ಹೆಂಗಸರನ್ನು ತುಂಬಿಕೊಂಡು ಘಟ್ಟ ಹತ್ತುವ ಜೀಪೊಂದು ಹಾರ್ನ್ ಹಾಕಿ ಹೋಗುತ್ತದೆ. ಅವರು ತಲೆ ಎತ್ತದೆಯೇ ಎಣ್ಣೆಯ ಕೈ ಎತ್ತುತ್ತಾರೆ.

ಶೆಡ್ಡಿನ ಮೂಲೆಯಲ್ಲಿ ನೀಲಿ ತಾರ್ಪಾಲಿನ ಕೆಳಗೆ ಇನ್ನೊಂದು ಬೈಕಿದೆ. ದಿಂಡಿಗಲ್ಲಿನ ಶಿವಬಾಲನ್ ಎಂಬುವನ ಬುಲೆಟ್ಟು. ವರ್ಷದ ಮೇಲಾಯಿತು, ಅಲ್ಲಿಯೇ ನಿಂತಿದೆ. ಇವತ್ತು ಅದು ತನ್ನ ಯಜಮಾನನ ಜೊತೆ ಊರಿಗೆ ಹೋಗುತ್ತದೋ, ಇಲ್ಲ ಸಂಜೆ ಕೊಳ್ಳಲು ಬರುವ ಯಾರೋ ಕಂಬಂ ಊರಿನವರ ಪಾಲಾಗುತ್ತದೋ, ಎರಡರಲ್ಲಿ ಒಂದು ಆಗಲಿಕ್ಕಿದೆ.

"ಮಾಮಾ, ಆ ಕಂಬಂನೋರು ಮತ್ತೆ ಪೋನ್ ಮಾಡಿದ್ರು," ಎನ್ನುತ್ತ ವಳ್ಳಿ ಒಳಗಿನಿಂದ ಬರುತ್ತಾರೆ. ವಳ್ಳಿ ಕರುಪ್ಪಯ್ಯನವರ ಹೆಂಡತಿ. ಸೋದರತ್ತೆಯ ಮಗನನ್ನೇ ಕಟ್ಟಿಕೊಂಡವರು, ಚಿಕ್ಕಂದಿನಿಂದ ಕರೆದ ಮಾಮ ಮದುವೆಯಾದ ಮೇಲೂ ಮಾಮನೇ. "ಸಾಯಂಕಾಲ ವಂಡಿ ನೋಡಾಕೆ ಬತ್ತಾರಂತೆ. ಬಂದ್ರೆ ಏನ್ ಹೇಳ್ಲಿ?"

"ವಂಡಿ ಇದ್ರೆ ತೋರ್ಸು. ಇಲ್ಲಾಂದ್ರೆ ಕಾಪಿ ಕೊಡು."

"ಕಾಪಿ ಕುಡಿಯಾಕೆ ಕಂಬಂನಿಂದ ಇಲ್ಲಿಗಂಟ ಬರ್ಬೇಕಾ ಅವ್ರು? ನೀ ಮಾತ್ರ ಭಾನುವಾರ ಬಂದ್ರೆ ಊರೋರ ಬೆನ್ನಿಂದೆ ಸುತ್ತಾಕೆ ಹೋಗ್ತೀಯ. ಜವಾಬು ಹೇಳಾಕೆ ನಾನಿಲ್ಲಿ."

ಕರುಪ್ಪಯ್ಯ ನಗುತ್ತಾರೆ. ಹೆಂಡತಿಯ ಮಾತಿನಲ್ಲಿ ಸುಳ್ಳೇನೂ ಇಲ್ಲ. ಊರವರ ಬೆನ್ನಹಿಂದೆ ಸುತ್ತುವುದೇ ಅವರ ಭಾನುವಾರದ ಕೆಲಸ.

ತಮಿಳು ಸೀಮೆಯ ಈ ಕಣಿವೆಯ ಕನ್ನಡದವರ ಬಾಯಲ್ಲಿ ಎತ್ತಿನ ಗಾಡಿಯೂ ವಂಡಿ, ಬೈಕೂ ವಂಡಿ. ದಿಂಡಿಗಲ್ಲು, ಮದುರೈ, ಕೊಯಮತ್ತೂರು ಕಡೆಯಿಂದ ಗೆಳೆಯರ ಗುಂಪುಗಳು ರಜೆಯ ದಿನ ಬೈಕು ಹತ್ತಿ ಇತ್ತ ಬರುತ್ತವೆ. ಲಾರಿ ಬಸ್ಸುಗಳು ಭರ್ರೆನ್ನುವ ದೊಡ್ಡ ರಸ್ತೆ ಬಿಟ್ಟು, ಬೆಟ್ಟದ ಬುಡ ಹಿಡಿದು ಕೊಂಬೈ, ದೇವಾರಂ, ರಾಸಿಂಗಾಪುರಂ ಮೇಲೆ ಬೋಡಿಗೆ ಹೋಗುವ ಒಳದಾರಿ ಅವರಿಗೆ ಬೇಕು. ಒಂದು ಕಡೆ ಘಟ್ಟದ ಗೋಡೆ, ಇನ್ನೊಂದು ಕಡೆ ದ್ರಾಕ್ಷಿ, ನುಗ್ಗೆ, ಬಾಳೆ, ನಡುವೆ ಗಾಳಿ. ಹಾಗೆ ಹೋಗುವ ಗುಂಪಿನ ಎಲ್ಲರ ಹಿಂದೆ, ಒಂದು ಕೂಗಿನ ದೂರದಲ್ಲಿ, ಸೈಡು ಚೀಲದಲ್ಲಿ ಪಾನಾ, ಟ್ಯೂಬು, ಕ್ಲಚ್ ವೈರು, ಗಾಳಿ ಪಂಪು, ಎರಡು ಬಾಟಲಿ ನೀರು ತುಂಬಿಕೊಂಡು ಒಂದು ಹಳೆಯ ಬೈಕು ಬರುತ್ತದೆ. ಅದೇ ಕಡೇ ವಂಡಿ. ಅದರ ಮೇಲಿರುವವರು ಕರುಪ್ಪಯ್ಯ.

ಚೈನು ಕಳಚಿದರೆ ಹಾಕಿಕೊಡುತ್ತಾರೆ. ಪಂಚರ್ ಆದರೆ ಹುಣಿಸೆ ಮರದ ನೆರಳು ಹುಡುಕಿ ಕೂರುತ್ತಾರೆ. ಬಿದ್ದವರಿದ್ದರೆ ಎತ್ತುತ್ತಾರೆ. ಮಿಕ್ಕ ಹೊತ್ತೆಲ್ಲ ಅವರು ಮಾಡುವುದು ಒಂದೇ ಕೆಲಸ: ಯಾರನ್ನೂ ದಾಟಿ ಮುಂದೆ ಹೋಗದಿರುವುದು. ಗುಂಪಿನವರು ನಿಂತು ಫೋಟೋ ತೆಗೆದುಕೊಂಡರೆ ಇವರೂ ದೂರದಲ್ಲಿ ನಿಲ್ಲುತ್ತಾರೆ. ಹಾಗಾಗಿ ಯಾವ ಫೋಟೋದಲ್ಲೂ ಇವರಿಲ್ಲ. ಹೋಟೆಲಿನಲ್ಲಿ ದೋಸೆ ಹೇಳುವಾಗ ಎಷ್ಟೋ ಸಲ ಇವರದ್ದೊಂದು ಬಿಟ್ಟುಹೋಗುತ್ತದೆ. ಬೇಸರವಿಲ್ಲವೇ ಎಂದರೆ, "ಬಿಟ್ಟೋದ್ರೆ ನಾನೇ ಕೇಳಿ ತಗೋತೀನಿ. ಬಾಯಿ ಇಲ್ವಾ ನಂಗೆ?" ಎನ್ನುತ್ತಾರೆ.

ಈ ಕೆಲಸದ ಗೌರವ ಎಂಥದ್ದು ಎನ್ನುವುದಕ್ಕೆ ಅವರೇ ಹೇಳುವ ಒಂದು ಕತೆಯಿದೆ. ಒಮ್ಮೆ ಮದುರೈಯ ಹುಡುಗ ಹುಡುಗಿಯರ ಗುಂಪಿನ ಹಿಂದೆ ಸಿಲಮಲೈ ದಾಟುತ್ತಿದ್ದಾಗ ಊರವರು ಕಲ್ಲು ಅಡ್ಡ ಇಟ್ಟು ಇವರೊಬ್ಬರನ್ನೇ ನಿಲ್ಲಿಸಿದರಂತೆ. ಮುಂದಿನ ಬೈಕಿನಲ್ಲಿ ಓಡಿಹೋಗುತ್ತಿರುವ ಮಗಳನ್ನು ಅಪ್ಪ ಅಟ್ಟಿಸಿಕೊಂಡು ಬರುತ್ತಿದ್ದಾನೆ ಎಂದು ಅವರ ಲೆಕ್ಕ. "ಕುಂದ್ರಿಸಿ ಮಜ್ಜಿಗೆ ಕೊಟ್ರು. ಹೋಗ್ಲಿ ಬಿಡಪ್ಪಾ, ಹುಡುಗ ನೋಡಾಕೆ ಒಳ್ಳೇವ್ನಂಗೆ ಔನೆ, ಮನೆಗೆ ಕರ್ಕೋ ಅಂತ ಬುದ್ಧಿ ಹೇಳಿದ್ರು. ನಾನೂ ಮಜ್ಜಿಗೆ ಕುಡ್ದು, ಆಯ್ತು ಕರ್ಕೋತೀನಿ ಅಂತ ಹೇಳಿ ಬಂದೆ. ಇನ್ನೇನ್ ಹೇಳಾದು?"

ಐವತ್ತೆಂಟರ ಕರುಪ್ಪಯ್ಯನವರಿಗೆ ಹೀಗೆ ಎಲ್ಲರ ಹಿಂದಿರುವುದು ಬೈಕಿನಿಂದ ಬಂದ ವಿದ್ಯೆಯಲ್ಲ, ದನದಿಂದ ಬಂದದ್ದು. ಎಷ್ಟೋ ತಲೆಮಾರಿನ ಹಿಂದೆ ಕನ್ನಡದ ಸೀಮೆಯಿಂದ ಹೊರಟಾಗ ದನ ಮುಂದೆ ನಡೆದವು, ತಾವು ಹಿಂದೆ ನಡೆದೆವು, ಅವು ಮಲಗಿದ ಕಡೆ ಊರು ಕಟ್ಟಿದೆವು ಎಂದು ಅವರ ಮನೆಗಳಲ್ಲಿ ಹಿರಿಯರು ಹೇಳುತ್ತಾರೆ. ಇವತ್ತಿಗೂ ದೇವರಿಗೆಂದು ಬಿಟ್ಟ ಒಂದು ಹಿಂಡು ಬೆಟ್ಟದ ಬುಡದಲ್ಲಿ ಮೇಯುತ್ತದೆ. ಅವುಗಳಿಗೆ ಮೂಗುದಾರವಿಲ್ಲ, ನೊಗವಿಲ್ಲ. ಹಾಲು ಮಾರುವಂತಿಲ್ಲ. ದೇವರ ದನ ದಾರಿಗೆ ಬಂದರೆ ಎದುರಿಗಿದ್ದವರು ವಂಡಿ ನಿಲ್ಲಿಸಿ, ಚಪ್ಪಲಿ ಕಳಚಿ, ಕಡೆಯದೂ ದಾಟುವ ತನಕ ಕೈ ಮುಗಿದು ನಿಲ್ಲಬೇಕು. ಗದರಬಾರದು, ಹಾರ್ನ್ ಹೊಡೆಯಬಾರದು. ಯಾರೂ ಬರೆದಿಟ್ಟ ಕಟ್ಟಳೆಯಲ್ಲ ಅದು. ತಾಯಿ ಮೊದಲು ಕೈ ಹಿಡಿದು ಬೀದಿಗೆ ನಡೆಸಿದ ದಿನವೇ ಕಾಲಿಗೆ ಬಂದದ್ದು.

ಆ ಹಿಂಡಿನ ಹಿಂದೆ ಹೋಗುತ್ತಿದ್ದವರು ಕರುಪ್ಪಯ್ಯನವರ ದೊಡ್ಡಪ್ಪ ಚಿನ್ನಯ್ಯ. ಶಾಲೆ ಬಿಟ್ಟ ಮೇಲೆ ಕೆಲವು ವರ್ಷ ಕರುಪ್ಪಯ್ಯನವರೂ ಅವರ ಜೊತೆ ಹಿಂದಾಳಾಗಿ ನಡೆದರು. "ದೊಡ್ಡಪ್ಪ ಮುಂದಲ ದನಾನ ನೋಡ್ತಾನೇ ಇರ್ಲಿಲ್ಲ. ಕುಂಟಾದು ಯಾವ್ದು, ಬೆದರಿರಾದು ಯಾವ್ದು, ಅದರ ಹಿಂದೇನೇ ಹೋಗೋನು. ಬೆದರಿದ್ದಕ್ಕೆ ತೀರಾ ಹತ್ರ ಹೋಗ್ಬಾರ್ದು, ಕಣ್ಣಿಂದ ಮರೆಯೂ ಆಗ್ಬಾರ್ದು. ಅದು ತಿರುಗಿ ನೋಡ್ದಾಗ ನಾವು ಅಲ್ಲೇ ಇರ್ಬೇಕು. ಆಮೇಲೆ ಒಂದಿನ ತಿರುಗಿ ನೋಡಾದ್ನೇ ಬಿಡ್ತದೆ."

ಹೊಟ್ಟೆಪಾಡು ಆ ಕೆಲಸದಲ್ಲಿ ನಡೆಯಲಿಲ್ಲ. ಉತ್ತಮಪಾಳಯಂನ ಒಂದು ವರ್ಕ್‌ಶಾಪಿನಲ್ಲಿ ನೆಲ ಗುಡಿಸಿ, ಸೀಮೆಎಣ್ಣೆಯಲ್ಲಿ ನಟ್ಟು ಬೋಲ್ಟು ತೊಳೆದು, ಬೈಸಿಕೊಂಡು ರಿಪೇರಿ ಕಲಿತರು. ಕಾದ ಸೈಲೆನ್ಸರ್ ತಾಗಿದ ಕಲೆ ಬಲಗಾಲ ಮೀನಖಂಡದಲ್ಲಿ ಇನ್ನೂ ಇದೆ. ಸ್ವಂತ ಶೆಡ್ಡು ಹಾಕಿದ ಮೇಲೂ ವಾರವೆಲ್ಲ ಹಾಲಿನವರ, ತೋಟದವರ ಬೈಕುಗಳೇ ಬರುವುದು. ಭಾನುವಾರ ಅವರು ಕಡೇ ವಂಡಿಯಾಗಿ ಹೋದರೆ ಪಂಚರ್ ಹಾಕುವವರು ವಳ್ಳಿ. ಬೋಡಿಮೆಟ್ಟು ಘಾಟಿಯ ಮಳೆಯಲ್ಲಿ ಇಡೀ ಹಗಲು ನೆನೆದು ಬಂದ ದಿನಗಳಿವೆ. ಬಿದ್ದ ಬೈಕು ಎತ್ತಿ ಎತ್ತಿ ಎಡಭುಜ ಈಗ ಚಳಿ ಬಂದರೆ ಹಿಡಿದುಕೊಳ್ಳುತ್ತದೆ. ಎಣ್ಣೆ ತಿಕ್ಕುತ್ತ ವಳ್ಳಿ ಬೈಯುತ್ತಾರೆ, ಮುಂದಿನ ಭಾನುವಾರ ಬುತ್ತಿ ಕಟ್ಟಿಕೊಡುವವರೂ ಅವರೇ.

ಶಿವಬಾಲನ್ ಬಿದ್ದದ್ದು ಕರುಪ್ಪಯ್ಯ ಇಲ್ಲದ ದಿನ. ಅವನಿಗೆ ದಿಂಡಿಗಲ್ಲಿನಲ್ಲಿ ಬೀಗದ ಅಂಗಡಿ. ಜೊತೆಯವರು ಕಾಲೇಜಿನಿಂದಲೂ ಕೂಡಿ ಸುತ್ತುವ ಗೆಳೆಯರು: ನಿಲಕ್ಕೋಟ್ಟೈಯ ಹೂವಿನ ವ್ಯಾಪಾರಿ ಮಣಿಕಂಡನ್, ಶಾಲೆಯಲ್ಲಿ ಆಟ ಕಲಿಸುವ ಚಿನ್ನತಂಬಿ, ಬ್ಯಾಂಕಿನಲ್ಲಿರುವ ಜನನಿ. ನಾಲ್ವರೂ ಕನ್ನಡದ ಮನೆಯವರೇ. ಅಜ್ಜಿಯರ ಮಾತು ಚೆನ್ನಾಗಿ ತಿಳಿಯುತ್ತದೆ, ಆಡಲು ಹೊರಟರೆ ನಡುವೆ ತಮಿಳು ನುಗ್ಗುತ್ತದೆ. ನಾಲ್ಕೇ ಜನ, ನಮಗ್ಯಾಕೆ ಕಡೇ ವಂಡಿ ಎಂದು ಆ ಸಲ ತಾವೇ ಹೊರಟಿದ್ದರು. ದೇವಾರಂ ದಾಟಿದ ಮೇಲೆ ಕಾಲುವೆ ಸೇತುವೆಯ ಪಕ್ಕ ಒಂದು ತಿರುವಿದೆ. ಅಲ್ಲಿ ಯಾವುದೋ ಲಾರಿಯಿಂದ ಸೋರಿದ ಮರಳು ರಸ್ತೆಯ ಮೇಲೆ ಹರಡಿತ್ತು. ಎಲ್ಲರಿಗಿಂತ ಹಿಂದಿದ್ದ ಶಿವಬಾಲನ್ ಜಾರಿ ಬಿದ್ದ. ಕೊರಳ ಬುಡದ ಮೂಳೆ ಮುರಿಯಿತು, ಕಾಲೂ ಮುರಿಯಿತು. ಮುಂದಿದ್ದ ಮೂವರಿಗೆ ತಿಳಿಯಲೇ ಇಲ್ಲ. ಅವನು ದಾರಿಯಲ್ಲೆಲ್ಲೋ ಫೋಟೋ ತೆಗೆಯುತ್ತಿದ್ದಾನೆ ಎಂದುಕೊಂಡು ಬೋಡಿಯಲ್ಲಿ ಚಹಾ ಹೇಳಿ ಕೂತರು. ಆಮೇಲೆ ಫೋನ್ ಮಾಡಿದರು. ಫೋನು ಹಾರಿ ಚರಂಡಿಗೆ ಬಿದ್ದಿತ್ತು. ಕೈಗೆಟುಕದ ಕಡೆ ಅದು ಹೊಡೆದುಕೊಳ್ಳುವುದನ್ನು ಅವನು ಮಲಗಿದಲ್ಲೇ ಕೇಳುತ್ತಿದ್ದ. ಕಡೆಗೆ ನುಗ್ಗೆಕಾಯಿ ಹೇರಿಕೊಂಡು ಬಂದ ವ್ಯಾನಿನವನೊಬ್ಬ ಕಂಡು ಆಸ್ಪತ್ರೆಗೆ ಸೇರಿಸಿದ. ಬೈಕು ಕರುಪ್ಪಯ್ಯನವರ ಶೆಡ್ಡಿಗೆ ಬಂತು.

ಮೂಳೆ ಕೂಡಿತು, ಬೈಕೂ ಸರಿಯಾಯಿತು. ಆದರೆ ಒಯ್ಯಲು ಬಂದ ಶಿವಬಾಲನ್ ಎರಡು ಸಲವೂ ಸೀಟಿನ ಮೇಲೆ ಕೂತು, ಸ್ಟಾರ್ಟ್ ಮಾಡಿ, ಆಫ್ ಮಾಡಿ ಇಳಿದ. ಮನೆಯವರು ಮಾರಿಬಿಡು ಎಂದರು. ಅವನಿಗೂ ಅದೇ ಸರಿ ಅನ್ನಿಸಿತು. ಆದರೂ ಮಾರುವ ಮಾತು ಆಡುವಾಗ ಟ್ಯಾಂಕಿನ ಮೇಲಿಟ್ಟ ಕೈ ತೆಗೆಯುತ್ತಿರಲಿಲ್ಲ ಎಂದು ಕರುಪ್ಪಯ್ಯ ನೆನೆಯುತ್ತಾರೆ. "ಬಿದ್ದಿದ್ದಕ್ಕಲ್ಲ ಅಣ್ಣೇ," ಎಂದಿದ್ದನಂತೆ. "ನೋವು ಮರ್ತೋಯ್ತು. ಅಲ್ಲಿ ಮಲ್ಗಿ ಮುಂದೆ ನೋಡ್ದೆ, ಯಾರೂ ಇಲ್ಲ. ಹಿಂದೆ ನೋಡ್ದೆ, ಯಾರೂ ಇಲ್ಲ. ವಂಡಿ ಹತ್ತಿದ್ರೆ ಅದೇ ಬತ್ತದೆ ಕಣ್ಮುಂದೆ."

ಕರುಪ್ಪಯ್ಯ ಆಗ ಒಂದು ಮಾತು ಕೊಟ್ಟರು. "ಒಂದೇ ಒಂದ್ಸಲ ಬೋಡಿಗಂಟ ಓಡ್ಸು ತಂಬಿ. ನಿನ್ನ ಕನ್ನಡೀಲಿ ನನ್ನ ಲೈಟು ಇರ್ತದೆ. ಯಾವಾಗ ನೋಡಿದ್ರೂ ಇರ್ತದೆ. ಅಲ್ಲಿಗೂ ಆಗ್ಲಿಲ್ಲಾಂದ್ರೆ ನಾನೇ ವಾಪಸ್ ತಂದು ಕಂಬಂನೋರಿಗೆ ಕೊಡ್ತೀನಿ."

ಬಿಸಿಲು ಶೆಡ್ಡಿನ ತಗಡಿಗೆ ಬರುವ ಹೊತ್ತಿಗೆ ಉತ್ತಮಪಾಳಯಂನ ಲಾಡ್ಜಿನಿಂದ ಮೂರು ಬೈಕುಗಳಲ್ಲಿ ನಾಲ್ವರು ಬರುತ್ತಾರೆ. ಶಿವಬಾಲನ್ ಚಿನ್ನತಂಬಿಯ ಹಿಂದಿನ ಸೀಟಿನಿಂದ ಇಳಿಯುತ್ತಾನೆ. ಹೊಸ ಜಾಕೀಟು, ಮೊಣಕಾಲಿಗೆ ಕವಚ, ಮೀನಖಂಡದವರೆಗೂ ಲೇಸು ಕಟ್ಟಿದ ಬೂಟು.

"ಯುದ್ಧಕ್ಕೆ ಹೊಂಟಂಗೆ ಇದೀಯಲ್ಲೋ ತಂಬಿ," ಎನ್ನುತ್ತಾರೆ ವಳ್ಳಿ.

"ಹೆಂಡತಿ ಕಟ್ಟಿ ಕಳ್ಸವ್ಳೆ ಅಕ್ಕಾ," ಎನ್ನುತ್ತಾನೆ ಮಣಿಕಂಡನ್. "ಬಿದ್ರೂ ಸದ್ದು ಬರಲ್ಲ."

"ನೀ ಸುಮ್ಕಿರು. ಹೋದ್ಸಲ ಗೆಳೆಯ ಬಿದ್ದಾಗ ವಡೆ ತಿಂತಾ ಕೂತಿದ್ದೋನು," ಎಂದು ಜನನಿ ತಿವಿಯುತ್ತಾಳೆ.

"ನೀನೂ ತಿಂದೆ."

"ನಾ ಒಂದು. ನೀ ಮೂರು."

ನಗುತ್ತಾರೆ. ಶಿವಬಾಲನ್ ಮಾತ್ರ ತಾರ್ಪಾಲು ತೆಗೆದ ಬೈಕಿನ ಕನ್ನಡಿ ಸರಿಮಾಡುತ್ತಿದ್ದಾನೆ. ಬಲಗಡೆಯದನ್ನು ತಿರುಗಿಸಿದ, ಎಡಗಡೆಯದನ್ನು ತಿರುಗಿಸಿದ, ಮತ್ತೆ ಬಲಗಡೆಯದು. ಕರುಪ್ಪಯ್ಯ ತಮ್ಮ ಬೈಕು ಹತ್ತಿ ಅವನ ಹಿಂದೆ ಹೋಗಿ ನಿಂತು, ಲೈಟು ಹಾಕಿ ತೋರಿಸುತ್ತಾರೆ. ಅವನು ಕನ್ನಡಿಯಲ್ಲಿ ನೋಡಿ ತಲೆಯಾಡಿಸುತ್ತಾನೆ.

ಮಣಿಕಂಡನ್ ಮುಂದೆ, ಅವನ ಹಿಂದೆ ಚಿನ್ನತಂಬಿ, ಆಮೇಲೆ ಜನನಿ, ಆಮೇಲೆ ಶಿವಬಾಲನ್, ಕಡೆಗೆ ಕರುಪ್ಪಯ್ಯ. ಪಣ್ಣೈಪುರಂ ದಾಟುವವರೆಗೂ ಸೈಕಲ್ಲಿಗಿಂತ ಒಂದಿಷ್ಟೇ ಜೋರು. ಪನ್ನೀರು ದ್ರಾಕ್ಷಿಯ ಚಪ್ಪರಗಳಡಿ ಹೆಂಗಸರು ಬುಟ್ಟಿ ಇಳಿಸುತ್ತಿದ್ದಾರೆ. ಗಾಳಿ ಬೆಟ್ಟದ ಕಡೆಯಿಂದ ಬಂದು ತೆಂಗಿನ ತಲೆಗಳನ್ನೆಲ್ಲ ಒಂದೇ ಕಡೆಗೆ ಬಾಚುತ್ತದೆ. ಕರುಪ್ಪಯ್ಯ ಇದಾವುದನ್ನೂ ನೋಡುವುದಿಲ್ಲ. ಅವರ ಕಣ್ಣು ಮುಂದಿನ ಹೆಲ್ಮೆಟ್ಟಿನ ಮೇಲಿದೆ. ಆ ಹೆಲ್ಮೆಟ್ಟು ಮತ್ತೆ ಮತ್ತೆ ಬಲಕ್ಕೆ ಒಂದಿಷ್ಟು ವಾಲುತ್ತದೆ, ಕನ್ನಡಿ ನೋಡುತ್ತದೆ, ನೆಟ್ಟಗಾಗುತ್ತದೆ. ಎದುರಿನ ದಾರಿಗಿಂತ ಹಿಂದಿನ ದಾರಿಯನ್ನೇ ಅವನು ಹೆಚ್ಚು ನೋಡುತ್ತಿದ್ದಾನೆ. ದೇವಾರಂ ಬಿಟ್ಟ ಮೇಲೆ ವಾಲುವುದು ಇನ್ನೂ ಹೆಚ್ಚಾಯಿತು. ಕಾಲುವೆಯ ತಿರುವು ಹತ್ತಿರ ಬರುತ್ತಿತ್ತು.

ತಿರುವಿಗೆ ಸ್ವಲ್ಪ ಮುಂಚೆ, ಎಡಗಡೆಯ ನುಗ್ಗೆ ತೋಟದ ಸಂದಿಯಿಂದ ದನ ಇಳಿದವು. ಮೊದಲು ಒಂದು ಬಿಳಿಯ ಎತ್ತು, ಅದರ ಬೆನ್ನಿಗೆ ಮಿಕ್ಕವು. ಮೂಗುದಾರವಿಲ್ಲ. ಕೊಂಬಿಗೆ ಅರಿಸಿನ. ಶಿವಬಾಲನ್ ಆಗಲೇ ಆ ಸಂದಿಯನ್ನು ದಾಟಿದ್ದ. ಕರುಪ್ಪಯ್ಯ ದಾಟಿರಲಿಲ್ಲ.

ಬುದ್ಧಿ ಏನಾದರೂ ಹೇಳುವ ಮೊದಲೇ ಕೈ ಬ್ರೇಕು ಹಿಡಿದಿತ್ತು. ಎಂಜಿನ್ ಆಫಾಯಿತು. ಹಳೆಯ ಬೈಕು, ಎಂಜಿನ್ ನಿಂತರೆ ಲೈಟೂ ಇಲ್ಲ. ಕಾಲು ಚಪ್ಪಲಿಯಿಂದ ಹೊರಗೆ ಬಂತು, ಕೈಗಳು ಕೂಡಿದವು. ಆಮೇಲೆ ನೆನಪಾಯಿತು. ತಲೆಯೆತ್ತಿ ನೋಡಿದರೆ ದನದ ಬೆನ್ನುಗಳಾಚೆ ರಸ್ತೆ ಬರಿದಾಗಿದೆ. ಶಿವಬಾಲನ್ ತಿರುವಿನ ಮರೆಗೆ ಹೋಗಿದ್ದಾನೆ.

"ಹಿಂಡು ದೊಡ್ಡದು. ಕೆಲವು ರಸ್ತೆ ಮಧ್ಯೆ ನಿಂತೇಬಿಟ್ವು," ಎಂದು ಕರುಪ್ಪಯ್ಯ ಆಮೇಲೆ ಹೇಳುತ್ತಾರೆ. "ದಾಟಾಕಾಗಲ್ಲ. ಹಾರ್ನ್ ಹೊಡೆಯಾಕಾಗಲ್ಲ. ಕೈ ಏನೋ ಮುಗ್ದೇ ಇದ್ದೆ, ಒಳಗೊಳಗೆ ಸ್ವಾಮೀನ ಬೈತಿದ್ದೆ. ಬೇರೆ ದಿನ ಸಿಕ್ಲಿಲ್ವಾ ನಿಂಗೆ, ಇದೇ ದಿನ ಬೇಕಿತ್ತಾ, ಇದೇ ತಿರುವಾಗ್ಬೇಕಿತ್ತಾ ಅಂತ. ಆ ಹುಡುಗ ಈಗ ಕನ್ನಡಿ ನೋಡ್ತಾನೆ. ನಾನಿಲ್ಲ."

ದೇವರನ್ನು ಬೈಯುವುದೂ ಒಂದು ಬಗೆಯಲ್ಲಿ ಅವನನ್ನು ಕರೆಯುವುದೇ ಇರಬೇಕು. ಯಾವುದಕ್ಕೂ ದನ ಅವಸರ ಮಾಡಲಿಲ್ಲ. ಒಂದು ಕರು ರಸ್ತೆಯಲ್ಲೇ ತಾಯಿಯ ಕೆಚ್ಚಲಿಗೆ ಬಾಯಿ ಹಾಕಿತು. ಅದು ಕುಡಿದು ಮುಗಿಸಲೆಂದು ತಾಯಿ ನಿಂತಿತು. ತಾಯಿ ನಿಂತಿದ್ದಕ್ಕೆ ಹಿಂದಿನವೂ ನಿಂತವು.

ಆಗ ತಿರುವಿನ ಕಡೆಯಿಂದ ಬುಲೆಟ್ಟಿನ ಸದ್ದು ಕೇಳಿತು. ಹೋಗುವ ಸದ್ದಲ್ಲ, ಬರುವ ಸದ್ದು. ಹೋಗುವಾಗ ಸೈಕಲ್ಲಿನ ವೇಗದಲ್ಲಿದ್ದದ್ದು ಈಗ ತಿರುವನ್ನು ಬಾಗಿ ಹೊಡೆದು, ನೆಟ್ಟಗೆ ಬಂದು, ಹಿಂಡಿನ ಆಚೆಬದಿಗೆ ನಿಂತಿತು. ಶಿವಬಾಲನ್ ಹೆಲ್ಮೆಟ್ಟನ್ನು ಕಿತ್ತುಹಾಕಿದ.

"ಅಣ್ಣೇ! ಏನಾಯ್ತಣ್ಣೇ? ಬಿದ್ರಾ?"

ಕರುಪ್ಪಯ್ಯ ಮುಗಿದ ಕೈ ಬಿಡದೆ ಗಲ್ಲದಿಂದ ದನ ತೋರಿಸಿದರು.

"ದನಾನಾ! ದನಕ್ಕಾ ನಿಂತ್ರಿ? ಕನ್ನಡೀಲಿ ನೋಡ್ತೀನಿ ಯಾರೂ ಇಲ್ಲ. ನಿಂತೆ. ಬರ್ಲಿಲ್ಲ. ನೀವು ಬಿದ್ದು ಕೂಗ್ತಾ ಇದ್ದೀರೇನೋ ಅಂತ ನಾ ಅಲ್ಲಿಂದ ಹೆಂಗೆ ಬಂದೆ ಗೊತ್ತಾ? ಒಂದ್ ಹಾರ್ನ್ ಆದ್ರೂ ಹೊಡೀಬಾರ್ದಾ?"

"ದೇವ್ರ ದನ ತಂಬಿ. ಹಾರ್ನ್ ಹೊಡೆಯಂಗಿಲ್ಲ."

"ಅಯ್ಯೋ ಕಡವುಳೇ," ಎಂದು ಅವನು ತಮಿಳಿಗೆ ಜಾರಿದ. ಕಡವುಳೇ ಎಂದರೆ ದೇವರೇ. ಹಾಗೆಂದ ಮೇಲೆ ಎದುರಿಗಿದ್ದ ಎತ್ತಿನ ಅರಿಸಿನದ ಕೊಂಬು ಕಣ್ಣಿಗೆ ಬಿದ್ದಿರಬೇಕು. ಬೈಕಿನಿಂದ ಇಳಿದು, ಅಂಚಿನ ಕಲ್ಲಿನ ಮೇಲೆ ಕೂತು ಬೂಟಿನ ಲೇಸು ಬಿಚ್ಚತೊಡಗಿದ. ಹಿಂಡಿನ ಕಡೆಯಲ್ಲಿ ಕುಂಟುವ ಹಸುವೊಂದನ್ನು ನಡೆಸಿಕೊಂಡು ಬಂದ ಮುದುಕ ನಿಂತು ಅವನನ್ನೇ ನೋಡಿದ.

"ಬಿಡು ಸಾಮಿ, ನೀ ಅದನ್ನ ಬಿಚ್ಚಾ ಹೊತ್ಗೆ ನಮ್ ದನ ಕೇರಳ ಸೇರ್ಕೋತವೆ," ಎಂದ.

ಶಿವಬಾಲನ್ ನಕ್ಕ. ಆ ದಿನ ಅವನು ನಕ್ಕದ್ದು ಅದೇ ಮೊದಲು. ಒಂದು ಕಾಲಿಗೆ ಬೂಟು, ಇನ್ನೊಂದು ಬರಿಗಾಲು, ಹಾಗೇ ಎದ್ದು ಕೈ ಮುಗಿದ. ಕುಂಟುವ ಹಸು ಅವನ ಪಕ್ಕದಲ್ಲೇ ಹಾದು ಕಾಲುವೆಯ ಕಡೆಗೆ ಇಳಿಯಿತು. ಮುದುಕ ಅದರ ಹಿಂದೆ ಇಳಿದ.

ದಾರಿ ತೆರವಾಯಿತು. ಕರುಪ್ಪಯ್ಯ ಬೈಕು ತಳ್ಳಿಕೊಂಡು ಅವನ ಹತ್ತಿರ ಬಂದರು. ಕೊಟ್ಟ ಮಾತು ತಪ್ಪಿದ ನಾಚಿಕೆ ಅವರಿಗಿತ್ತು. ಅದನ್ನು ಹೇಗೆ ಹೇಳುವುದೆಂದು ತೋಚದೆ ಬೇರೆಯದೇ ಕೇಳಿದರು.

"ತಿರುವಲ್ಲಿ ಮರಳು ಇತ್ತಾ ತಂಬಿ?"

ಲೇಸು ಕಟ್ಟುತ್ತಿದ್ದ ಶಿವಬಾಲನ್ ತಲೆಯೆತ್ತಿದ. ತಿರುವಿನ ಕಡೆ ಒಮ್ಮೆ ನೋಡಿದ.

"ಗೊತ್ತಿಲ್ಲಣ್ಣೇ. ನೋಡ್ಲಿಲ್ಲ."

ಕರುಪ್ಪಯ್ಯ ಬೈಕು ಹತ್ತಿದರು. ಕಿಕ್ಕರ್ ಹೊಡೆದರು.

ತಿರುವಿನ ಆಚೆ ಬೇವಿನ ಮರದ ಕೆಳಗೆ ಉಳಿದ ಮೂವರು ಹೆಲ್ಮೆಟ್ ತೊಟ್ಟುಕೊಂಡೇ ನಿಂತಿದ್ದರು. ವಾಪಸು ಹೊರಡಲು ಜನನಿ ಬೈಕು ತಿರುಗಿಸಿಬಿಟ್ಟಿದ್ದಳು.

"ಲೋ, ಎಲ್ಲಿಗೆ ಹೋಗಿದ್ದೆ?" ಎಂದಳು.

"ಕರುಪ್ಪಣ್ಣೆ ಕಾಣ್ಲಿಲ್ಲ. ಹುಡುಕ್ಕೊಂಡು ಹೋಗಿದ್ದೆ," ಎಂದ ಶಿವಬಾಲನ್, ಹಾಲು ತರಲು ಹೋಗಿದ್ದೆ ಎನ್ನುವ ಹಾಗೆ.

ಜನನಿ ಒಂದು ಗಳಿಗೆ ಅವನನ್ನೇ ನೋಡಿದಳು. ಆಮೇಲೆ ಕರುಪ್ಪಯ್ಯನವರ ಕಡೆ ತಿರುಗಿ, "ಏನಣ್ಣೇ, ಕಡೇ ವಂಡಿಗೇ ಇನ್ನೊಂದು ಕಡೇ ವಂಡಿ ಬೇಕಾಯ್ತಾ?" ಎಂದಳು.

"ಬೇಕಾಯ್ತು ತಂಗಚ್ಚಿ. ಏನ್ ಮಾಡಾದು, ವಯಸ್ಸಾಯ್ತು."

ಅಲ್ಲಿಂದ ರಾಸಿಂಗಾಪುರಂ, ಸಿಲಮಲೈ. ಹೆಲ್ಮೆಟ್ಟು ಬಲಕ್ಕೆ ವಾಲುವುದು ಮೊದಲು ಕಡಿಮೆಯಾಯಿತು. ಸಿಲಮಲೈ ದಾಟಿದ ಮೇಲೆ ಒಮ್ಮೆ ಪೂರ್ತಿ ಎಡಕ್ಕೆ ತಿರುಗಿತು. ಕರುಪ್ಪಯ್ಯನವರ ಬೆರಳು ಬ್ರೇಕಿಗೆ ಹೋಯಿತಂತೆ. ನೋಡಿದರೆ ಅವನು ಬೆಟ್ಟ ನೋಡುತ್ತಿದ್ದ. ಘಟ್ಟದ ಮೇಲೆ ಮೋಡದ ನೆರಳೊಂದು ಬೋಡಿಯ ಕಡೆಗೇ ಸರಿಯುತ್ತಿತ್ತು.

ಬೋಡಿಯ ಚಹಾದಂಗಡಿಯಲ್ಲಿ ನಾಲ್ವರೂ ಬೆಂಚಿಗೆ ಕೂತರು. ಕರುಪ್ಪಯ್ಯ ಎಂದಿನಂತೆ ಬೈಕಿನ ಪಕ್ಕ ನಿಂತೇ ಕುಡಿದರು. 'ಆಗಲ್ಲ ಅಣ್ಣೇ, ಇಲ್ಲಿಗೆ ಸಾಕು' ಎಂದು ಶಿವಬಾಲನ್ ಕೀಲಿಕೈ ಚಾಚಿದರೆ ಬುಲೆಟ್ಟನ್ನು ತಾವು ವಾಪಸು ಒಯ್ಯಬೇಕು. ಅದಕ್ಕೆಂದು ತಮ್ಮ ಬೈಕು ಎಲ್ಲಿ ಬಿಡುವುದೆಂದು ಮೊದಲೇ ಅಂಗಡಿಯವನ ಹತ್ತಿರ ಮಾತಾಡಿಟ್ಟಿದ್ದರು. ಗ್ಲಾಸು ಖಾಲಿಯಾದ ಮೇಲೂ ಕೈಯಲ್ಲೇ ಹಿಡಿದುಕೊಂಡು ಕಾದರು. ಒಳಗೆ ಅದರ ಮಾತೇ ಇಲ್ಲ. ದಿಂಡಿಗಲ್ಲಿಗೆ ತೇನಿಯಿಂದ ಆಚೆಗೆ ಪೆರಿಯಕುಳಂ ಮೇಲೆ ಹೋಗುವುದೋ, ಆಂಡಿಪಟ್ಟಿ ಕಡೆ ಸುತ್ತುವುದೋ ಎಂದು ಶಿವಬಾಲನ್ನಿಗೂ ಮಣಿಕಂಡನ್ನಿಗೂ ಜಗಳ ಹತ್ತಿತ್ತು.

"ಆಂಡಿಪಟ್ಟೀಲಿ ಏನೈತೋ? ಬರೀ ಬಿಸಿಲು."

"ನಿಂಗೆ ಪೆರಿಯಕುಳಂ ಯಾಕೆ ಬೇಕು ಅಂತ ನಂಗೊತ್ತು. ಮಾವನ ಮನೇಲಿ ಊಟ," ಎಂದ ಮಣಿಕಂಡನ್.

"ಊಟ ಬೇಡ್ವಾ ನಿಂಗೆ? ಬೇಡಾಂದ್ರೆ ನೀ ಹೊರಗೆ ನಿಂತ್ಕೋ."

ಜಗಳ ಮುಗಿಯದೆಯೇ ಎದ್ದರು. ಒಬ್ಬರನ್ನೊಬ್ಬರು ಬೈಯುತ್ತಲೇ ಹೆಲ್ಮೆಟ್ ತೊಟ್ಟರು. ಜನನಿ ಮಾತ್ರ ಕರುಪ್ಪಯ್ಯನವರ ಹತ್ತಿರ ಬಂದು ಹೋಗಿಬರುತ್ತೇನೆ ಎಂದಳು. ಈ ಸಲ ಶಿವಬಾಲನ್ ಎರಡನೆಯವನಾಗಿ ಹೊರಟ. ಏಲಕ್ಕಿ ಮೂಟೆಗಳ ಗಾಡಿಯೊಂದನ್ನು ಬಳಸಿಕೊಂಡು, ತೇನಿಯ ರಸ್ತೆಗೆ ತಿರುಗಿ, ಕಾಣದಾದ.

ಕರುಪ್ಪಯ್ಯ ಗ್ಲಾಸು ಕೊಟ್ಟು, ಬಂದ ದಾರಿಯಲ್ಲೇ ಒಬ್ಬರೇ ಹಿಂದಿರುಗಿದರು. ಕಾಲುವೆಯ ತಿರುವಿನಲ್ಲಿ ನಿಂತು ನೋಡಿದರಂತೆ. ಮರಳು ಇತ್ತು. ಹೆಚ್ಚೇನಲ್ಲ, ಬೊಗಸೆಯಷ್ಟು. ಕಾಲಿನಿಂದ ಅಂಚಿಗೆ ದೂಡಿ ಬಂದರು.

ಮನೆಗೆ ಬಂದಾಗ ವಳ್ಳಿ ಹಾಲಿನವನ ಬೈಕಿಗೆ ಪಂಚರ್ ಹಾಕುತ್ತ ಕೂತಿದ್ದರು. ಕಂಬಂನವರಿಗೆ ಫೋನ್ ಮಾಡಿ ಬರುವುದು ಬೇಡ ಎನ್ನು ಎಂದರು ಕರುಪ್ಪಯ್ಯ. ಟ್ಯೂಬಿಗೆ ಸೊಲ್ಯೂಷನ್ ಹಚ್ಚುತ್ತಿದ್ದ ವಳ್ಳಿಯ ಕೈ ನಿಂತಿತು.

"ತಗೊಂಡೋದ್ನಾ?"

"ತಗೊಂಡೋದ."

"ಹೋಗ್ವಾಗ ಏನ್ ಹೇಳ್ದ?"

"ಏನೂ ಹೇಳ್ಲಿಲ್ಲ."

"ಒಂದ್ ಮಾತೂ ಇಲ್ವಾ? ವರ್ಸದ ಮೇಲಾಯ್ತು ಆ ವಂಡೀನ ಮಗು ಕಾದಂಗೆ ಕಾದಿದ್ದೀವಿ. ದಿನಾ ಧೂಳು ಕೊಡವ್ದೋಳು ನಾನು. ಬತ್ತೀನಣ್ಣೇ ಅಂತ ನಿಂಗಾದ್ರೂ ಹೇಳ್ಬೇಕಾ ಬೇಡ್ವಾ? ಏನ್ ಜನಾನೋ!"

ಕರುಪ್ಪಯ್ಯ ಸೋಪಿನ ಪುಡಿ ಹಾಕಿ ಕೈಯ ಎಣ್ಣೆ ತೊಳೆಯುತ್ತಿದ್ದರು. ಹೆಂಡತಿಯ ಸಿಟ್ಟು ಇಳಿಯುವವರೆಗೂ ಬೆರಳು ಬೆರಳಾಗಿ ತಿಕ್ಕಿ, ನೀರು ಸುರಿದುಕೊಂಡು, ಹೆಗಲ ಟವೆಲ್ಲಿಗೆ ಒರೆಸಿಕೊಂಡರು.

"ಭಯ ಇದ್ದಿದ್ರೆ ಹೇಳಿರೋನು ವಳ್ಳಿ," ಎಂದರು. "ನಾ ಇದೀನಿ ಅನ್ನಾದೇ ಮರ್ತ್ಕೊಂಡು ಹೋದ ಅವ್ನು."